ಮಣ್ಣು ತಿಂದ ಮದುಮಗನ ಹಾಡು

ಕೋಬಾದ್ ಆಲಿಗೆ ಹತ್ತೂರಲ್ಲಿ ಹೆಸರಿತ್ತು. ಅವನು ಕಟ್ಟಿದ ಮನೆಗಳಿಂದ ಬಂದ ಹೆಸರೇನಲ್ಲ ಅದು. ಆ ಮನೆಗಳ ವಿಷಯ ಹೆಚ್ಚು ಮಾತಾಡದಿರುವುದೇ ಒಳ್ಳೆಯದೆಂದು ಅವನೇ ಹೇಳುತ್ತಿದ್ದ. ದಾನಧರ್ಮದಿಂದ ಬಂದದ್ದೂ ಅಲ್ಲ. ತನ್ನ ಮದುವೆಯ ದಿನ, ತುಂಬಿದ ಅಂಗಳದಲ್ಲಿ, ಎಲ್ಲರ ಕಣ್ಣೆದುರು ಅವನು ಮಣ್ಣು ತಿಂದಿದ್ದ. ತಿಂದದ್ದಷ್ಟೇ ಅಲ್ಲ, ಇನ್ನೊಂದು ಕೊಡಿ ಎಂದು ಕೇಳಿದ್ದ. ಶಿಮುಲ್ದಹದ ನೊಬಿರನ್ ನಾನಿ ಅದರ ಮೇಲೆ ಅಲ್ಲೇ ಹಾಡು ಕಟ್ಟಿದಳು. ಆ ಹಾಡು ಭಾಗೀರಥಿಯ ಎರಡೂ ದಡದ ಮದುವೆ ಮನೆಗಳಿಗೆ ನುಗ್ಗಿತು, ಅದರ ಜೊತೆಗೆ ಕೋಬಾದನ ಹೆಸರೂ ನುಗ್ಗಿತು.

ಗಾರೆ ಕೆಲಸಕ್ಕೆಂದು ಅವನು ಹೊಸ ಊರಿಗೆ ಹೋದರೆ ಹಾಡು ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿರುತ್ತಿತ್ತು. ಒಮ್ಮೆ ಕಾಂದಿಯ ಹತ್ತಿರದ ಒಂದು ಹಳ್ಳಿಯಲ್ಲಿ ಅಡಿಪಾಯಕ್ಕೆ ದಾರ ಹಿಡಿದು ನಿಂತಿದ್ದಾಗ ಮನೆಯೊಡತಿ ಬಾಗಿಲ ಮರೆಯಿಂದ ಹೆಸರು ಕೇಳಿದಳು. ಹೇಳಿದ. ಒಳಗೆ ಕಿಸಕ್ಕನೆ ನಗು ಕೇಳಿಸಿತು. ಮರುಕ್ಷಣಕ್ಕೆ ಅತ್ತೆ, ಸೊಸೆ, ನಾದಿನಿ ಎಲ್ಲರೂ ಹೊಸ್ತಿಲಿಗೆ ಬಂದರು.

“ಆ ಕೋಬಾದ್ ಆಲಿನಾ? ಹಾಡಲ್ಲಿ ಬರೋನು?”

“ಅವನೇ ತಾಯಿ.”

“ಅಯ್ಯೋ ಅಲ್ಲಾ! ಕಲಸಿದ್ದನ್ನೆಲ್ಲ ನೀನೇ ತಿಂದುಬಿಡಬೇಡಪ್ಪ, ಗೋಡೆಗೂ ಒಂಚೂರು ಉಳಿಸು.”

“ಇಲ್ಲ ತಾಯಿ, ಈಗ ಪಥ್ಯದಲ್ಲಿದ್ದೀನಿ. ಸಿಮೆಂಟು ಬಿಟ್ಟು ಬೇರೇನೂ ಮುಟ್ಟಲ್ಲ.”

ಎಲ್ಲಿ ಹೋದರೂ ಹೀಗೇ, ನಕ್ಕು ಸುಸ್ತಾದ ಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು: ನಿಜವಾಗಿ ತಿಂದೆಯಾ, ಹೇಗಾಯ್ತು ಅದು? ಆಗ ಕೋಬಾದ್ ಕರಣೆ ಕೆಳಗಿಟ್ಟು, ಕೈ ತೊಳೆದು, ಕುಕ್ಕರಗಾಲಲ್ಲಿ ಕೂತು ಮೊದಲಿನಿಂದ ಹೇಳುತ್ತಿದ್ದ. ಕೊನೆಯ ಮಾತು ಯಾವಾಗಲೂ ಒಂದೇ. “ಇಷ್ಟೆಲ್ಲ ಮಾಡಿದ್ದು ಶಿಮುಲ್ದಹದ ನೊಬಿರನ್ ನಾನಿ. ನಾನು ಬರೀ ತಿಂದೆ.”

ಮದುವೆಯ ಕಾಲಕ್ಕೆ ಅವನಿಗೆ ಮೀಸೆ ಸರಿಯಾಗಿ ಬಂದಿರಲಿಲ್ಲ, ಜಂಬ ಮಾತ್ರ ಪೂರ್ತಿ ಬಂದಿತ್ತು. ಅವನು ನದಿಯ ಪಡುವಣ ದಡದ ರಾಢದವನು. ರಾಢದವರಿಗೆ ತಮ್ಮ ಗಟ್ಟಿ ಕೆಂಪು ನೆಲದ ಮೇಲೆ ಎಷ್ಟು ಹೆಮ್ಮೆಯೋ, ಮೂಡಣ ದಡದ ಬಾಗ್ರಿಯ ಮೆತ್ತನೆ ಮೆಕ್ಕಲಿನ ಮೇಲೆ, ಅಲ್ಲಿಯ ಜನರ ಮೇಲೆ ಅಷ್ಟೇ ತಾತ್ಸಾರ. ಆದರೆ ಹೆಣ್ಣು ಮಾತ್ರ ಅಲ್ಲಿಂದಲೇ ತರುತ್ತಾರೆ. ದಿಬ್ಬಣದ ದೋಣಿ ನಡುಹೊಳೆಗೆ ಬಂದಾಗ ಅಕ್ಕನ ಗಂಡ ಮೊಕ್ಸೇದ್ ಅವನ ಪಕ್ಕಕ್ಕೆ ಸರಿದು ಕೂತು ಬುದ್ಧಿ ಹೇಳಿದ.

“ನೋಡು ಕೋಬಾದ್, ಬಾಗ್ರಿ ಹೆಂಗಸರು ಭಾರಿ ಕಿಲಾಡಿಗಳು. ಶರಬತ್ತಿಗೆ ಉಪ್ಪು ಹಾಕ್ತಾರೆ, ಪಾನಿನೊಳಗೆ ಮೆಣಸಿನಕಾಯಿ ಇಡ್ತಾರೆ. ಏನೇ ಕೊಡಲಿ, ಮುಖ ಕಿವುಚಬೇಡ. ನೀನು ಉಗಿದ್ಯೋ, ರಾಢದ ಮಾನ ಹೋಯ್ತು.”

“ಮತ್ತೆ ಏನ್ ಮಾಡಲಿ ದುಲಾಭಾಯ್?”

“ನುಂಗು. ನುಂಗಿ ನಗು. ಚೆನ್ನಾಗಿದೆ, ಇನ್ನೊಂದಿದ್ರೆ ಕೊಡಿ ಅನ್ನು. ಅವರೇ ಸೋತು ಸುಣ್ಣ ಆಗ್ತಾರೆ.”

ಮೊಕ್ಸೇದನ ಬುದ್ಧಿಮಾತು ಕೇಳಿ ಉದ್ಧಾರವಾದವರು ಇಡೀ ಬಳಗದಲ್ಲಿ ಯಾರೂ ಇರಲಿಲ್ಲ. ಅದು ಕೋಬಾದನಿಗೂ ಗೊತ್ತಿತ್ತು. ಆದರೂ ಅವನು ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡವರ ಹಾಗೆ ಭದ್ರವಾಗಿ ಇಟ್ಟುಕೊಂಡ.

ಶಿಮುಲ್ದಹದ ಹೆಣ್ಣಿನ ಮನೆಯಲ್ಲಿ ಅವನನ್ನು ಒಳ ಅಂಗಳಕ್ಕೆ ಕರೆದೊಯ್ದು ಚಾಪೆಯ ಮೇಲೆ ಕೂರಿಸಿದರು. ಮದುಮಗ ನಾಚಬೇಕು, ಬಾಯಿಗೆ ಕರವಸ್ತ್ರ ಹಿಡಿದಿರಬೇಕು, ಮಾತಾಡಬಾರದು. ಸುತ್ತ ಹೆಂಗಸರ ಹಿಂಡು. ನಡುವೆ ಡೋಲಕ್ ಮಡಿಲಲ್ಲಿಟ್ಟುಕೊಂಡು, ಬಾಯಿ ತುಂಬ ಪಾನ್ ಹಾಕಿಕೊಂಡು ನೊಬಿರನ್ ಕೂತಿದ್ದಳು. ಆಗ ಅವಳಿಗೆ ವಯಸ್ಸೇನೂ ಆಗಿರಲಿಲ್ಲ, ತಲೆಯಲ್ಲಿ ನಾಲ್ಕು ಬಿಳಿಗೂದಲಿದ್ದವು ಅಷ್ಟೆ. ಊರಿನ ವರಸೆಯಲ್ಲಿ ಹುಡುಗಿ ಅಂಜುರಾಳಿಗೆ ಅವಳು ಅಜ್ಜಿಯಾಗಬೇಕು, ನಾನಿ. ಮೊಮ್ಮಗಳ ಗಂಡನನ್ನು ಗೋಳು ಹೊಯ್ದುಕೊಳ್ಳುವುದು ನಾನಿಯಾದವಳ ಹಕ್ಕು. ಆ ಹಕ್ಕನ್ನು ನೊಬಿರನ್ ಯಾವತ್ತೂ ಸುಮ್ಮನೆ ಬಿಟ್ಟವಳಲ್ಲ.

ಉಪ್ಪಿನ ಶರಬತ್ತು ಬಂತು. ಕೋಬಾದ್ ಗಟಗಟ ಕುಡಿದು ನಕ್ಕ. ಮೆಣಸಿನಕಾಯಿಯ ಪಾನ್ ಬಂತು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಅಗಿದು ನಕ್ಕ. ಹೆಂಗಸರು ಮುಖ ಮುಖ ನೋಡಿಕೊಂಡರು. ಆಗ ನೊಬಿರನ್ ತಾನೇ ಒಂದು ತಟ್ಟೆ ತಂದಿಟ್ಟಳು. ಮೀನಿನ ಅಚ್ಚಿನಲ್ಲಿ ಒತ್ತಿದ ಮಿಠಾಯಿಗಳು, ಮೇಲೆ ಏಲಕ್ಕಿಯ ಪುಡಿ. ಹೊರಗೆ ತೆಳ್ಳಗೆ ಖೋವಾ ಬಳಿದಿತ್ತು, ಒಳಗಿದ್ದದ್ದು ಹೊಳೆದಂಡೆಯ ಮಣ್ಣು. ಇದು ನಮ್ಮ ಕಡೆ ಎಲ್ಲ ಮದುವೆಗಳಲ್ಲೂ ಇಡುವ ಕೀಟಲೆ. ಮದುಮಗ ಬೆರಳಿನಿಂದ ಒತ್ತಿ ನೋಡುತ್ತಾನೆ, ಮುರಿಯುತ್ತಾನೆ, ಎಲ್ಲರೂ ನಗುತ್ತಾರೆ, ಮುಗಿಯಿತು. ಅದನ್ನು ತಿಂದ ಮದುಮಗ ಅಲ್ಲಿಯವರೆಗೆ ಹುಟ್ಟಿರಲಿಲ್ಲ.

ಕೋಬಾದ್ ಕಚ್ಚಿದ. ಹುಡುಗನಾಗಿದ್ದಾಗಿನಿಂದ ಗಾರೆ ಕಲಸಿದವನಿಗೆ ಬಾಯಿಗೆ ಬಂದದ್ದೇನೆಂದು ಆ ಕ್ಷಣವೇ ತಿಳಿಯಿತು. ಜೇಡಿ, ನುಣುಪಾಗಿದೆ, ಮರಳು ಕಡಿಮೆ, ಗೋಡೆಗೆ ಚೆನ್ನಾಗಿ ಹಿಡಿಯುತ್ತದೆ ಎಂದೂ ಹೊಳೆಯಿತು. ಆದರೆ ರಾಢದ ಮಾನ ಅವನ ನಾಲಿಗೆಯ ಮೇಲಿತ್ತು. ಅಗಿದ, ನುಂಗಿದ, ಕರವಸ್ತ್ರ ಸರಿಸಿ ನಕ್ಕ. “ಚೆನ್ನಾಗಿದೆ. ಇನ್ನೊಂದಿದ್ರೆ ಕೊಡಿ.”

ನೊಬಿರನ್ ಡೋಲಕ್ ಬಿಟ್ಟು ಎದ್ದು ಬಂದು ಅವನ ಗದ್ದ ಹಿಡಿದಳು.

“ಅಯ್ಯೋ ನನ್ನ ಕಂದಾ, ಅದು ಮಣ್ಣು ಕಣೋ! ಉಗಿಯೋ!”

“ರಾಢದವರು ಉಗಿಯಲ್ಲ ನಾನಿ,” ಅಂದ ಕೋಬಾದ್. ಹಲ್ಲಿನ ಸಂದಿಯಲ್ಲೆಲ್ಲ ಬಾಗ್ರಿಯ ಮೆಕ್ಕಲು ಕೂತಿತ್ತು.

ಅವಳು ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ನಕ್ಕು ನಕ್ಕು ಅಂಗಳದಲ್ಲೇ ಕುಸಿದು ಕೂತಳು, ಡೋಲಕ್ ಉರುಳಿಕೊಂಡು ಹೋಗಿ ಕೋಳಿಗೂಡಿಗೆ ಬಡಿಯಿತು. ಅದನ್ನು ಎತ್ತಿಕೊಂಡು ಬರುವಷ್ಟರಲ್ಲಿ ಹಾಡು ಸಿದ್ಧವಾಗಿತ್ತು.

ಹೊಳೆಯ ದಾಟಿ ಬಂದನವ್ವ ಗಾರೆ ಕೆಲಸದ ಗಂಡು
ಕೋಬಾದ್ ಆಲಿ ಕೂತನವ್ವ ಬಾಯಿಗೆ ಬಟ್ಟೆ ಹಿಡಕೊಂಡು
ಸಿಹಿಯೆಂದು ಕೊಟ್ಟೆವವ್ವ ನಮ್ಮಂಗಳದ ಮಣ್ಣ
ಚಪ್ಪರಿಸಿ ತಿಂದು ಕೇಳ್ಯಾನೆ, ಇನ್ನೊಂದಿದ್ರೆ ಚೆನ್ನ

ಮದುವೆಯಾದ ಮೇಲೆ ಅಂಜುರಾ ಗಂಡನೊಡನೆ ಆಡಿದ ಮೊದಲ ಮಾತೇ “ಹೊಟ್ಟೆ ನೋಯ್ತಿದೆಯಾ?” ಎಂದು. ಎಂಥ ಬಾಳು ಶುರುವಾಗಬೇಕಿತ್ತು, ಎಲ್ಲಿಂದ ಶುರುವಾಯಿತು ನೋಡಿ ಎಂದು ಕೋಬಾದ್ ಮುಂದೆ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ.

ನೊಬಿರನ್ ಬೀಡಿ ಕಟ್ಟಿ ಬದುಕಿದವಳು. ಗಂಡ ದೋಣಿ ನಡೆಸುತ್ತಿದ್ದ. ಕಿರಿಯ ಮಗಳು ಇನ್ನೂ ಮೊಲೆ ಬಿಡುವ ಮೊದಲೇ ಅವನು ಜ್ವರದಲ್ಲಿ ತೀರಿಕೊಂಡ. ಎರಡು ಹೆಣ್ಣುಮಕ್ಕಳನ್ನು ಆ ಬೀಡಿಯಲ್ಲೇ ಸಾಕಿ, ಆ ಬೀಡಿಯಲ್ಲೇ ಮದುವೆ ಮಾಡಿ ಕಳಿಸಿದಳು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ಹೊಗೆಸೊಪ್ಪು, ದಾರ. ಬೆರಳು ಬೀಡಿ ಸುತ್ತುತ್ತಿದ್ದರೆ ಹೆಬ್ಬೆರಳು ಮೊರದ ಅಂಚಿಗೆ ತಾಳ ಹಾಕುತ್ತಿತ್ತು. ಅವಳ ಹಾಡುಗಳೆಲ್ಲ ಹಾಗೆ ಹುಟ್ಟಿದವು. ಕಂಠವೇನೂ ಇಂಪಾಗಿರಲಿಲ್ಲ, ಒಡಕು ಕಂಠ. ಆದರೆ ಅವಳು ಬಾಯಿ ತೆರೆದರೆ ಅಡುಗೆಮನೆಯಲ್ಲಿದ್ದವರು ಸೌಟು ಹಿಡಿದುಕೊಂಡೇ ಹೊರಗೆ ಬರುತ್ತಿದ್ದರು.

ಮದುವೆ ಹೆಣ್ಣಿನ ಮನೆಯವರು ಅವಳನ್ನು ಕರೆಸುತ್ತಿದ್ದದ್ದು ಬೈಸಲಿಕ್ಕೆ. ಗಂಡಿನ ಮೂಗು, ಅವನ ಅಪ್ಪನ ಜಿಪುಣತನ, ದಿಬ್ಬಣದವರ ಹೊಟ್ಟೆಬಾಕತನ, ಒಂದನ್ನೂ ಅವಳು ಬಿಡುತ್ತಿರಲಿಲ್ಲ. ನಮ್ಮ ಕಡೆ ಬೈಸಿಕೊಳ್ಳದೆ ಹೋದ ದಿಬ್ಬಣಕ್ಕೆ ಮರ್ಯಾದೆಯಿಲ್ಲ. ನಮ್ಮನ್ನು ಬೈಯಲೂ ಲಾಯಕ್ಕಿಲ್ಲದವರು ಅಂದುಕೊಂಡರೇನೋ ಎಂದು ಕೊರಗುತ್ತಾರೆ. ಶಿಮುಲ್ದಹದ ಮೌಲ್ವಿಗೆ ಈ ಹಾಡು ಕುಣಿತ ಆಗುತ್ತಿರಲಿಲ್ಲ. ತನ್ನ ಮಗಳ ಮದುವೆಗೆ ನೊಬಿರನ್ ಬರಕೂಡದು ಎಂದ. ಅವಳು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೌಲ್ವಿಯ ಹೆಂಡತಿಯೇ ಹಿತ್ತಲಿನಿಂದ ಓಡಿಬಂದಳು. “ಬುಬು, ಬೀಗರು ಮುಖ ಊದಿಸಿಕೊಂಡು ಕೂತಿದ್ದಾರೆ. ಬಂದು ಒಂದಷ್ಟು ಬೈದು ಹೋಗು, ನಿನ್ನ ಕಾಲಿಗೆ ಬೀಳ್ತೀನಿ.” ನೊಬಿರನ್ ಹೋದಳು, ಬೈದಳು, ಎಲ್ಲರೂ ಉಂಡರು. ಮೌಲ್ವಿ ಆ ಹೊತ್ತಿಗೆ ಮಸೀದಿಯಲ್ಲಿ ಏನೋ ಕೆಲಸವಿದೆಯೆಂದು ಹೋಗಿದ್ದ.

ಒಮ್ಮೆ ಕೊಲ್ಕತ್ತೆಯಿಂದ ಇಬ್ಬರು ಧ್ವನಿ ಹಿಡಿಯುವ ಯಂತ್ರ ಹೊತ್ತು ಬಂದರು. ನೊಬಿರನ್ ಸಂಜೆಯವರೆಗೆ ಹಾಡಿದಳು. ಕೋಬಾದನ ಹಾಡು ಬಂದಾಗ ಅವರು ಬಹಳ ಖುಷಿಪಟ್ಟು, ಇದನ್ನು ಕಟ್ಟಿದವರು ಯಾರಮ್ಮ ಎಂದು ಕೇಳಿದರು. ಅವಳು ಪಾನ್ ಉಗಿದು ಬಂದು ಹೇಳಿದಳು: “ಮಣ್ಣು ತಿಂದೋನು ಅವನು. ಹಾಡು ಅವನದೇ. ನಂದೇನಿದೆ ಅದರಲ್ಲಿ?” ಅವರು ಅದನ್ನೇ ನಂಬಿ ಹೋದರು. ಹೀಗೆ ಅವಳ ಹೆಸರು ಯಾವ ಯಂತ್ರಕ್ಕೂ ಹತ್ತಲಿಲ್ಲ.

ಕೋಬಾದನಿಗೆ ಮೊದಮೊದಲು ಈ ಹಾಡಿನ ಮೇಲೆ ಕೆಂಡದಂಥ ಸಿಟ್ಟಿತ್ತು. ಸಂತೆಗೆ ಹೋದರೆ ಬದನೆಕಾಯಿ ಮಾರುವವಳು ಗುನುಗುತ್ತಿದ್ದಳು. ಅವನ ಸ್ವಂತ ಅತ್ತಿಗೆ ಅಕ್ಕಿ ಕೇರುತ್ತ ಗುನುಗುತ್ತಿದ್ದಳು. ಕಡೆಗೊಂದು ದಿನ ಹೊಳೆ ದಾಟಿ ಹೋಗಿ ನೊಬಿರನ್‌ಳ ಅಂಗಳದಲ್ಲಿ ನಿಂತ.

“ನಾನಿ, ಆ ಹಾಡಿಂದ ನನ್ನ ಹೆಸರು ತೆಗೆದುಬಿಡು. ಕೆಲಸ ಕೊಡೋರು ನಗ್ತಾರೆ.”

“ನಗೋರು ಕೆಲಸ ಕೊಡಲ್ವಾ?”

“ಕೊಡ್ತಾರೆ.”

“ಮತ್ತಿನ್ನೇನು ನಿನ್ನ ತಕರಾರು ನಾತ್‌ಜಾಮಾಯ್?” ಎಂದು ಮೊಮ್ಮಗಳ ಗಂಡನನ್ನು ಅವಳು ಕೆಣಕಿದಳು. ಅವನು ತಲೆ ತಗ್ಗಿಸಿದ್ದನ್ನು ನೋಡಿ ಮಾತು ಬದಲಿಸಿದಳು. “ಹೋಗಲಿ, ನನ್ನ ಗೋಡೆ ಮಳೆಗೆ ಜರೀತಾ ಇದೆ. ಅದನ್ನ ನೆಟ್ಟಗೆ ಮಾಡಿಕೊಡು. ಆಮೇಲೆ ನೋಡೋಣ.”

ಕೋಬಾದ್ ಕೈಲಿದ್ದ ಕೆಲಸ ಬಿಟ್ಟು ಬಂದು ಅವಳ ಗೋಡೆ ಎತ್ತಿದ, ಮೆತ್ತಿದ, ಸುಣ್ಣ ಬಳಿದ. ಅವಳು ದಿನಾ ಬಾತುಕೋಳಿಯ ಮೊಟ್ಟೆಯ ಸಾರು ಮಾಡಿ ಬಡಿಸಿದಳು. ಮುಂದಿನ ಮದುವೆಯಲ್ಲಿ ಅವನು ಗಂಡಸರ ಸಾಲಿನಲ್ಲಿ ನೆಮ್ಮದಿಯಾಗಿ ಉಣ್ಣುತ್ತ ಕೂತಿದ್ದಾಗ ಒಳಗಿನಿಂದ ಹಾಡು ಕೇಳಿಬಂತು. ಹೆಸರು ಹಾಗೇ ಇತ್ತು. ಜೊತೆಗೆ ಹೊಸದಾಗಿ ಎರಡು ಸಾಲು ಸೇರಿದ್ದವು.

ಗೋಡೆ ಬಳಿದು ಕೊಡ್ತೀನಿ ನಾನಿ, ಹೆಸರ ಮರೆಯೆಂದ
ಬಳಿದ ಗೋಡೆ ನೋಡಿರವ್ವ, ಅರ್ಧ ಮಣ್ಣ ಅವನೇ ತಿಂದ

ಅನ್ನ ನೆತ್ತಿಗೆ ಹತ್ತಿ ಕೆಮ್ಮುತ್ತಿದ್ದ ಕೋಬಾದನ ಬೆನ್ನು ತಟ್ಟಿ ಪಕ್ಕದವನು ನೀರು ಕೊಟ್ಟ. ಆವತ್ತಿನಿಂದ ಅವನು ಕೈ ಚೆಲ್ಲಿದ. ಕೈ ಚೆಲ್ಲಿದ ಮೇಲೆ ಒಂದು ವಿಚಿತ್ರ ಆಯಿತು. ಯಾವುದಾದರೂ ಮದುವೆಯಲ್ಲಿ ಹಾಡು ತಡವಾದರೆ ಅವನೇ ಕುತ್ತಿಗೆ ಉದ್ದ ಮಾಡಿ ಒಳಗೆ ಕಿವಿಗೊಡತೊಡಗಿದ. ಬಂತೋ, ಅಕ್ಕಪಕ್ಕದವರಿಗೆ ಕೇಳುವ ಹಾಗೆ “ಥೂ, ಮತ್ತೆ ಶುರುಮಾಡಿದ್ರು” ಎಂದು ಗೊಣಗುತ್ತಿದ್ದ. ಗೊತ್ತಿಲ್ಲದವರು ಏನೆಂದು ಕೇಳಲಿ ಎಂಬುದೇ ಆ ಗೊಣಗಾಟದ ಉದ್ದೇಶ.

ವಯಸ್ಸಾದ ಮೇಲೆ ನೊಬಿರನ್‌ಳ ದನಿ ಹೋಯಿತು. ಹಲ್ಲು ಹೋಗಿದ್ದರಿಂದ ಪಾನನ್ನು ಕುಟ್ಟಿ ಹಾಕಿಕೊಳ್ಳುತ್ತಿದ್ದಳು. ಕೋಬಾದ್ ಹೊಳೆಯಾಚೆ ಹೋದಾಗಲೆಲ್ಲ ಅವಳ ಜಗುಲಿಯಲ್ಲಿ ಕೂತು ಪಾನ್ ಕುಟ್ಟಿಕೊಡುತ್ತಿದ್ದ. ಒಮ್ಮೆ ಅವಳು ಅವನ ಕೈ ನೋಡುತ್ತ ಹೇಳಿದಳು.

“ಎಷ್ಟು ಹಾಡು ಕಟ್ಟಿದೆ ಕಣೋ. ಹುಡುಗೀರು ಒಂದೂ ನೆನಪಿಟ್ಟುಕೊಂಡಿಲ್ಲ. ನಿಂದೊಂದೇ ಓಡಾಡ್ತಾ ಇದೆ.”

“ನಾನು ತಿಂದಿದ್ದಕ್ಕೆ ನಾನಿ.”

“ಹೂಂ. ದಡ್ಡ ಸಿಕ್ಕಿದ್ದ, ಹಾಡು ಉಳೀತು. ಬುದ್ಧಿವಂತರ ಮೇಲೆ ಕಟ್ಟಿದ್ದೆಲ್ಲ ಹೋಯ್ತು.” ಕುಟ್ಟಿದ ಪಾನನ್ನು ಬಾಯಿಗೆ ಹಾಕಿಕೊಂಡು ಕೇಳಿದಳು: “ಜನ ಕೇಳಿದ್ರೆ ಏನಂತೀಯ?”

“ಎಲ್ಲಾ ಹೇಳ್ತೀನಿ. ಮೋಸ ಮಾಡಿದ್ದು ನೀನೇ ಅಂತಲೂ ಹೇಳ್ತೀನಿ.”

“ಹೇಳು, ಹೇಳು,” ಎಂದಳು. ಅವಳಿಗೆ ಸಮಾಧಾನವಾದದ್ದು ಕೋಬಾದನಿಗೆ ಕಂಡಿತು.

ಹೋದ ವರ್ಷ ಮಳೆ ನಿಲ್ಲುವ ಹೊತ್ತಿಗೆ ಅವಳು ತೀರಿಕೊಂಡಳು. ಕೋಬಾದ್ ಮಣ್ಣಿಗೆ ಹೋದ. ಗೋರಿಯ ಅಂಚಿನಲ್ಲಿ ನಿಂತು ಎಲ್ಲರಂತೆ ಹಿಡಿಮಣ್ಣು ತೆಗೆದುಕೊಂಡ. ಅದೇ ಹೊಳೆದಂಡೆಯ ಮಣ್ಣು, ನುಣುಪಾದ ಜೇಡಿ. ಕೈಯಲ್ಲಿ ಹಿಡಿದ ಕೂಡಲೇ ಗುರುತು ಸಿಕ್ಕಿತು. ಅವನಿಗರಿವಿಲ್ಲದೆ ಬಾಯಿಂದ ಮಾತು ಹೊರಬಿತ್ತು. “ತಗೋ ನಾನಿ, ಈಗ ನಿನ್ನ ಸರದಿ.” ಪಕ್ಕದಲ್ಲಿದ್ದ ಮೌಲ್ವಿ ದುರುಗುಟ್ಟಿಕೊಂಡು ನೋಡಿದ. ಕೋಬಾದ್ ನಗುತ್ತಿದ್ದ, ಕಣ್ಣಿಂದ ನೀರೂ ಹರಿಯುತ್ತಿತ್ತು, ಎರಡರಲ್ಲಿ ಯಾವುದನ್ನೂ ತಡೆಯಲು ಅವನಿಂದ ಆಗಲಿಲ್ಲ.

ಈ ಚಳಿಗಾಲ ಕೋಬಾದನ ಮೊಮ್ಮಗಳು ತಂಜಿಲಾಳ ಮದುವೆ ನಿಶ್ಚಯವಾಯಿತು. ಹಾಡಿಗೆ ಪಕ್ಕದೂರಿನ ಮರ್ಜಿನಾಳ ತಂಡವನ್ನು ಕರೆಸಿದರು. ಮರ್ಜಿನಾ ಒಳ್ಳೆಯ ಹುಡುಗಿ, ಕಂಠವಂತೂ ನೊಬಿರನ್‌ಗಿಂತ ಎಷ್ಟೋ ಇಂಪು. ತಂಡದ ಐವರೂ ಒಂದೇ ಬಣ್ಣದ ಸೀರೆ ಉಟ್ಟು, ಮೈಕು, ಒಂದು ಪುಟ್ಟ ಸ್ಪೀಕರು ತಂದಿದ್ದರು. ಅರಿಶಿನದ ದಿನ ಬೆಳಿಗ್ಗೆ ಕೋಬಾದ್ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದಾಗ ಅವನ ಹಾಡು ಶುರುವಾಯಿತು. ಅಭ್ಯಾಸಬಲದಿಂದ “ಥೂ, ಮತ್ತೆ” ಎಂದು ಗೊಣಗಲು ಬಾಯಿ ತೆರೆದ. ಎರಡನೆಯ ಸಾಲು ಬಂತು. ಸೈಫುಲ್ ಮಿಯಾ ಕೂತನವ್ವ ಬಾಯಿಗೆ ಬಟ್ಟೆ ಹಿಡಕೊಂಡು.

ಸೈಫುಲ್ ಎಂದರೆ ತಂಜಿಲಾಳನ್ನು ಮದುವೆಯಾಗಲಿದ್ದ ಹುಡುಗ. ಕೋಬಾದ್ ಕೊಡಲಿ ಅಲ್ಲೇ ಬಿಟ್ಟು ಒಳಗೆ ಬಂದ.

“ಮರ್ಜಿನಾ, ಅಲ್ಲಿ ಬೇರೆ ಹೆಸರಿತ್ತಲ್ಲಮ್ಮ?”

“ಹೂಂ ದಾದು, ಯಾರೋ ಕೋಬಾದ್...” ಅವಳು ನಾಲಿಗೆ ಕಚ್ಚಿಕೊಂಡಳು. “ಅಯ್ಯೋ! ಅದು ನೀವೇನಾ? ನಿಜವಾಗ್ಲೂ ಇದ್ದ ಮನುಷ್ಯನಾ? ನಾವು ಸುಮ್ನೆ ಪ್ರಾಸಕ್ಕೆ ಹಾಕಿದ್ದು ಅಂದ್ಕೊಂಡಿದ್ವಿ.”

“ನಾನು ಪ್ರಾಸ ಅಲ್ಲ. ಇಲ್ಲೇ ಇದ್ದೀನಿ.”

“ಹಂಗಿದ್ರೆ ಇನ್ನೂ ಒಳ್ಳೇದೇ ಆಯ್ತು ಬಿಡಿ. ಮೊಮ್ಮಗಳ ಮದುವೇಲಿ ನಿಮ್ಮ ಮಾನ ಯಾಕೆ ಕಳೀಬೇಕು? ಈಗ ಎಲ್ಲಾ ಮನೇಲೂ ಅವರವರ ಮದುಮಗನ ಹೆಸರೇ ಹಾಕೋದು ದಾದು. ಮೊಬೈಲಲ್ಲಿ ಹಿಡ್ಕೊಳ್ತಾರಲ್ಲ, ಅವರಿಗೂ ಖುಷಿ.”

“ಈ ಹಾಡು ಕಟ್ಟಿದ್ದು ಯಾರು ಗೊತ್ತಾ?”

“ಹಳೇ ಹಾಡಲ್ವಾ? ಯಾರು ಕಟ್ತಾರೆ ಅದನ್ನ. ಇರುತ್ತೆ, ಅಷ್ಟೇ.”

ಹಿಂದೊಮ್ಮೆ ಏನನ್ನು ಬೇಡಿಕೊಂಡಿದ್ದನೋ ಅದು ಕೊನೆಗೂ ಕೈಗೂಡಿತ್ತು. ಹೆಸರು ಹೋಗಿತ್ತು. ಕೋಬಾದನಿಗೆ ಕುಣಿದಾಡಬೇಕಿತ್ತು, ಅದರ ಬದಲು ಮಧ್ಯಾಹ್ನದ ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದ. ಅಂಜುರಾ ಬಂದು ಪಕ್ಕದಲ್ಲಿ ಕೂತಳು.

“ಏನ್ರೀ, ಮೀನಿನ ತಲೆ ಹಾಗೇ ಇದೆ?”

“ಹಾಡಿಂದ ನನ್ನ ತೆಗೆದುಬಿಟ್ರು.”

ಅಂಜುರಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ಮಣ್ಣು ತಿಂದ ಹೆಸರಿಗೆ ಇಷ್ಟೊಂದು ಆಸೆನಾ ನಿಮಗೆ?”

“ನನ್ನ ಹೆಸರಿಗೆ ಬೆಂಕಿ ಬೀಳಲಿ. ಸೈಫುಲ್ ಅಂತ ಹಾಡಿದ್ರೆ ಯಾರಾದ್ರೂ ಏನಾದ್ರೂ ಕೇಳ್ತಾರಾ? ಎದುರಿಗೇ ಕೂತಿರ್ತಾನೆ, ಕೇಳೋಕೇನಿದೆ? ಕೋಬಾದ್ ಅಂದ್ರೆ ತಾನೆ ಯಾರಪ್ಪ ಅವನು ಅಂತ ಕೇಳೋದು. ಕೇಳಿದ್ರೆ ತಾನೆ ನಾನು ನೊಬಿರನ್ ನಾನಿ ಅನ್ನೋದು. ಅವಳ ಹೆಸರು ಇನ್ನೆಲ್ಲಿದೆ ಹೇಳು? ನನ್ನ ಬಾಯಿಂದ ಆಚೆಗೆ ಎಲ್ಲೂ ಇಲ್ಲ.”

ಅಂಜುರಾ ನಗು ನಿಲ್ಲಿಸಿದಳು. ಅವನ ತಟ್ಟೆಯ ಮೀನಿನ ಮುಳ್ಳು ಬಿಡಿಸತೊಡಗಿದಳು.

ಮದುವೆಯ ದಿನ ದಿಬ್ಬಣ ಬಂತು. ಸೈಫುಲ್ ಓದಿದ ಹುಡುಗ, ಚುರುಕು. ಉಪ್ಪಿನ ಶರಬತ್ತನ್ನು ಮೂಸಿ ನೋಡಿ ಪಕ್ಕಕ್ಕಿಟ್ಟ. ಪಾನನ್ನು ಬಿಚ್ಚಿ ಮೆಣಸಿನಕಾಯಿ ತೆಗೆದು ನಾದಿನಿಯ ಕೈಗೇ ಕೊಟ್ಟ. ಮೀನಿನ ಮಿಠಾಯಿಯ ತಟ್ಟೆ ಬಂದಾಗ ಎಲ್ಲವನ್ನೂ ಒಂದೊಂದಾಗಿ ಬೆರಳಿನಿಂದ ಒತ್ತಿ ನೋಡಿ, ನಿಜವಾದ ಒಂದೇ ಒಂದು ಮಿಠಾಯಿಯನ್ನು ಆರಿಸಿ ತಿಂದ. ಹುಡುಗಿಯರು ಸಪ್ಪೆ ಮುಖ ಹಾಕಿಕೊಂಡರು. ಆದರೂ ಮರ್ಜಿನಾ ಮೈಕು ಹಿಡಿದು ಅಂದುಕೊಂಡ ಪ್ರಕಾರ ಹಾಡಿದಳು. ಸೈಫುಲ್ ಮಿಯಾ ಮಣ್ಣು ತಿಂದ, ಚಪ್ಪರಿಸಿ ಇನ್ನೊಂದು ಕೇಳಿದ.

ಗಂಡಿನ ಕಡೆಯಿಂದ ಬಂದಿದ್ದ ಸೈಫುಲನ ಅಜ್ಜಿ ಕೈಯೆತ್ತಿದಳು.

“ನಿಲ್ಸಮ್ಮ. ನಮ್ಮ ಹುಡುಗ ಎಲ್ಲಿ ತಿಂದ?”

“ಹಾಡು ಇರೋದೇ ಹಂಗೆ ದಾದಿ.”

“ಹಂಗೆ ಅಂದ್ರೆ? ಮೂಗು ಡೊಂಕು ಅನ್ನು, ಒಪ್ತೀನಿ. ಅವನ ಅಪ್ಪ ಜಿಪುಣ ಅನ್ನು, ಇದ್ದಾನೆ. ಮಾಡದೇ ಇದ್ದದ್ದನ್ನ ಹೇಳಿದ್ರೆ ಅದು ಬೈಗುಳ ಅಲ್ಲ, ಸುಳ್ಳು. ನಮ್ಮನ್ನ ನೋಡಿ ಬೈಯೋಕೂ ನಿಮಗೆ ಪುರುಸೊತ್ತಿಲ್ವಾ?”

ಗಂಡಿನ ಕಡೆಯ ಹೆಂಗಸರು ಗುಜುಗುಜು ಶುರುಮಾಡಿದರು. ಒಬ್ಬಳು ಎದ್ದೇ ನಿಂತಳು. ಕೋಬಾದನ ಸೊಸೆ ಅಳುಮುಖ ಮಾಡಿಕೊಂಡು ಗೋಡೆಗೊರಗಿದಳು. ಮರ್ಜಿನಾ ಮೈಕನ್ನು ಎರಡೂ ಕೈಯಲ್ಲಿ ಹಿಸುಕುತ್ತ ನಿಂತಳು. ಅಡುಗೆಯವರಿಗೆ ನೀರು ಹೊತ್ತು ತರುತ್ತಿದ್ದ ಕೋಬಾದ್ ಕೊಡ ಕೆಳಗಿಟ್ಟ. ನೊಬಿರನ್ ನಾನಿ ಇದ್ದಿದ್ದರೆ ಆ ಅಜ್ಜಿ ಆಡಿದ ಮಾತನ್ನೇ ಆಡುತ್ತಿದ್ದಳು.

ಅವನು ಹೆಂಗಸರ ನಡುವೆ ನುಗ್ಗಿ ಹೋಗಿ ಸೈಫುಲನ ಪಕ್ಕ ಚಾಪೆಯ ಮೇಲೆ ಕೂತ. ಹೆಗಲ ಮೇಲಿದ್ದ ಗಂಛಾ ಎಂಬ ಚೌಕದ ಟವೆಲನ್ನು ಬಾಯಿಗೆ ಹಿಡಿದು, ಕಣ್ಣು ತಗ್ಗಿಸಿ ನಾಚಿದ. ಬಿಳಿ ಗಡ್ಡದ ಮುದುಕ ನಾಚುವುದನ್ನು ನೋಡಿ ಎಲ್ಲರೂ ಬಾಯಿ ತೆರೆದರು. ಅವನು ತಟ್ಟೆಯಿಂದ ಒಂದು ಮಣ್ಣಿನ ಮೀನು ಎತ್ತಿ ಬಾಯಿಗಿಟ್ಟು ಕಚ್ಚಿದ.

ಬಾಗ್ರಿಯ ಮೆತ್ತನೆ ಮೆಕ್ಕಲಲ್ಲ ಇದು. ಅವನದೇ ಅಂಗಳದ ಕೆಂಪು ಮಣ್ಣು, ತುಂಬಾ ಮರಳು, ಗೋಡೆಗೂ ಬಾರದ್ದು. ಉಳಿದಿದ್ದ ಹಲ್ಲುಗಳ ನಡುವೆ ಕರಕರ ಎಂದಿತು. ಜಂಬದ ರಾಢದ ನೆಲ ತಿನ್ನಲಿಕ್ಕೆ ಇಷ್ಟು ಕೆಟ್ಟದಾಗಿರುತ್ತದೆಂದು ಅವನಿಗೆ ಈ ವಯಸ್ಸಿನಲ್ಲಿ ತಿಳಿಯಿತು. ಅವನು ಅಗಿಯುತ್ತಲೇ ಇನ್ನೊಂದು ಬೇಕೆಂದು ಕೈ ಚಾಚಿದ.

ಮೊದಲು ನಕ್ಕವನು ಸೈಫುಲ್. ಆಮೇಲೆ ಅಂಗಳವೇ ನಕ್ಕಿತು. ಆ ನಗುವಿನ ನಡುವೆ ಬಾಗಿಲ ಕಡೆಯಿಂದ ಒಂದು ಒಣಗಿದ ದನಿ ಎದ್ದಿತು. ಅಂಜುರಾಳ ದನಿ. ಮದುವೆಯಾಗಿ ಬಂದಾಗಿನಿಂದ ಅವಳು ಆ ಹಾಡನ್ನು ಒಮ್ಮೆಯೂ ಹಾಡಿರಲಿಲ್ಲ. ಗಂಡನ ಮಾನ ಎಂದು ನಾಲಿಗೆ ಬಿಗಿಹಿಡಿದಿದ್ದಳು.

ಕೋಬಾದ್ ಆಲಿ ಕೂತನವ್ವ ಬಾಯಿಗೆ ಬಟ್ಟೆ ಹಿಡಕೊಂಡು
ಸಿಹಿಯೆಂದು ಕೊಟ್ಟಳವ್ವ ನೊಬಿರನ್ ನಾನಿ ಮಣ್ಣ

“ಕೊಟ್ಟೆವವ್ವ ನಮ್ಮಂಗಳದ” ಎಂದಿದ್ದ ಕಡೆ ನೊಬಿರನ್‌ಳ ಹೆಸರು ಹಿಂದೆ ಇರಲಿಲ್ಲ. ಕಟ್ಟಿದವಳೇ ಇಟ್ಟಿರಲಿಲ್ಲ. ಮರ್ಜಿನಾ ತುಟಿಯಲ್ಲೇ ಒಮ್ಮೆ ಹೇಳಿ ನೋಡಿಕೊಂಡು, ಮೈಕು ಬದಿಗಿಟ್ಟು, ಬರಿಯ ದನಿಯಲ್ಲಿ ಅದನ್ನು ಎತ್ತಿಕೊಂಡಳು. ತಂಡದವರು ಎತ್ತಿಕೊಂಡರು. ಗಂಡಿನ ಕಡೆಯವರೂ ಚಪ್ಪಾಳೆ ತಟ್ಟುತ್ತ ಎತ್ತಿಕೊಂಡರು. ಕೋಬಾದನ ಕಣ್ಣಲ್ಲಿ ದಳದಳ ನೀರಿಳಿಯಿತು. ಮರಳು ಹಲ್ಲಿಗೆ ಸಿಕ್ಕಿರಬೇಕೆಂದು ಯಾರೋ ಅಂದರು.

ಅಂಜುರಾ ನೀರಿನ ಚೊಂಬು ತಂದು ಅವನ ಮುಂದೆ ಹಿಡಿದಳು. “ಸಾಕು, ಉಗೀರಿ ಇನ್ನು.”

ಅವನು ಬೇಡವೆಂದು ತಲೆಯಾಡಿಸಿದ. ಅಷ್ಟರಲ್ಲಿ ಸೈಫುಲನ ಅಜ್ಜಿ ಮೊಣಕಾಲ ಮೇಲೆ ಕೈಯೂರಿ ಮುಂದೆ ಸರಿದಳು.

“ಹಾಡು ಚೆನ್ನಾಗಿದೆ ಬೀಗರೇ. ಅದು ಸರಿ, ಯಾರು ಈ ನೊಬಿರನ್?”

ಕೋಬಾದ್ ಮಣ್ಣನ್ನು ನುಂಗಿದ. ಬಾಯಿ ಒರೆಸಿಕೊಂಡು, ಕುಕ್ಕರಗಾಲಲ್ಲಿ ಕೂತು, ಮೊದಲಿನಿಂದ ಹೇಳತೊಡಗಿದ.